ವಾರ ನಿಲ್ಲಿಸಿದರೆ ಬ್ಯಾಟರಿ ಡೌನ್: 2004ರ ಜೆನ್, ಹೊಸ ಬ್ಯಾಟರಿ ಹಾಕಿದರೂ ಅದೇ ಕಥೆ

ಹಾಸನದ ಜೆನ್

ಮನೆಯಲ್ಲಿ 2004ರ ಮಾರುತಿ ಜೆನ್ ಇದೆ. ಅಪ್ಪ ಅಮ್ಮ ಹಾಸನದಲ್ಲಿ, ನಾನು ಬೆಂಗಳೂರಿನಲ್ಲಿ. ಅಪ್ಪ ಡ್ರೈವಿಂಗ್ ಬಿಟ್ಟಿದ್ದಾರೆ, ಆದರೆ ಗಾಡಿ ಮಾರುವ ಮಾತೆತ್ತಿದರೆ ಊಟ ಬಿಡುತ್ತಾರೆ. ಹಾಗಾಗಿ ಅದು ಓಡುವುದು ನಾನು ಊರಿಗೆ ಹೋದಾಗ ಮಾತ್ರ.

ತೊಂದರೆ ಏನಂದರೆ, ಭಾನುವಾರ ಚೆನ್ನಾಗಿ ಓಡಿಸಿ ನಿಲ್ಲಿಸಿ ಬಂದರೂ ಮುಂದಿನ ಶನಿವಾರ ಕೀ ತಿರುಗಿಸಿದರೆ ಟಕ್ ಅಂತ ಒಂದು ಸದ್ದು, ಅಷ್ಟೇ. ಡ್ಯಾಶ್‌ಬೋರ್ಡ್ ಲೈಟೂ ಮಂಕು. ಪಕ್ಕದ ಮನೆಯವರ ಗಾಡಿಯ ಬ್ಯಾಟರಿಯಿಂದ ಕೇಬಲ್ ಹಾಕಿ ಜಂಪ್ ಕೊಟ್ಟರೆ ತಕ್ಷಣ ಸ್ಟಾರ್ಟ್ ಆಗುತ್ತದೆ, ಆಮೇಲೆ ಇಡೀ ದಿನ ಏನೂ ತೊಂದರೆ ಇಲ್ಲ. ಬ್ಯಾಟರಿ ಅಂಗಡಿಯವರು ನೋಡಿ ಬ್ಯಾಟರಿ ಹೋಗಿದೆ ಅಂದರು. ಹೊಸದು, 35 ಎಎಚ್ (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಹಾಕಿಸಿದೆ. ಅದೂ ವಾರದಲ್ಲಿ ಮಲಗಿತು. ಈಗ ಅದೇ ಅಂಗಡಿಯವರು ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ, ಬದಲಾಯಿಸಿ ಅಂತಿದ್ದಾರೆ. ಅಷ್ಟು ದುಡ್ಡು ಸುರಿಯುವ ಮೊದಲು ಏನು ನೋಡಬೇಕು? ಮನೆಯಲ್ಲಿ ಮಲ್ಟಿಮೀಟರ್ ಇದೆ, ಬಳಸಲು ಅಷ್ಟಿಷ್ಟು ಬರುತ್ತದೆ.

ಓಮ್ನಿ ಅಂಕಲ್

ಹಳೇ ಗಾಡಿ ಅಂದ ಮೇಲೆ ಇದೆಲ್ಲ ಇದ್ದದ್ದೇ. ಅಪ್ಪನಿಗೆ ಹೇಳಿ, ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡಲಿ. ನಾನು ಹಾಗೇ ಮಾಡುವುದು.

ವೈರಿಂಗ್ ಕೆಲಸದವ

ಆಲ್ಟರ್ನೇಟರ್ ಈಗಲೇ ಮುಟ್ಟಬೇಡಿ. ಅಳತೆ ಮಾಡದೆ ಪಾರ್ಟ್ ಬದಲಾಯಿಸುವುದು ನಮ್ಮ ಕಡೆ ದೊಡ್ಡ ರೋಗ. ನೀವು ಹೇಳುವುದು ನೋಡಿದರೆ ಓಡುವಾಗ ಚಾರ್ಜ್ ಆಗುತ್ತಿದೆ, ನಿಂತಾಗ ಎಲ್ಲೋ ಸೋರುತ್ತಿದೆ. ಸೋರುವ ಕೊಡ ಹಾಗೇ ಇಟ್ಟುಕೊಂಡು ನಲ್ಲಿ ಬದಲಾಯಿಸಿ ಏನು ಪ್ರಯೋಜನ?

ಮೊದಲು ಚಾರ್ಜಿಂಗ್ ನೋಡಿಬಿಡಿ, ಎರಡು ನಿಮಿಷದ ಕೆಲಸ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಎರಡು ಟರ್ಮಿನಲ್ ಮೇಲೆ ಮೀಟರ್ ಇಡಿ, ಡಿಸಿ ವೋಲ್ಟ್‌ನಲ್ಲಿ. 13.8ರಿಂದ 14.4ರ ಒಳಗೆ ಬಂದರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ. ಹೆಡ್‌ಲೈಟ್ ಹಾಕಿ ನೋಡಿ, ಸ್ವಲ್ಪ ಇಳಿದರೂ 13.5ರ ಆಸುಪಾಸು ನಿಲ್ಲಬೇಕು.

ಆಮೇಲೆ ಬ್ಯಾಟರಿ. ಚಾರ್ಜರ್ ಹಾಕಿ ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ವೈರ್ ಬಿಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 12.6 ಹತ್ತಿರ ಇರಬೇಕು. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12 ಅಂದರೆ ಕಾಲು ಭಾಗ ಉಳಿದಿದೆ ಅಂತ ಅಂದಾಜು. ಪೂರ್ತಿ ಚಾರ್ಜ್ ಮಾಡಿದ ಮೇಲೂ 10.5ರ ಹತ್ತಿರವೇ ನಿಂತರೆ ಒಳಗೆ ಒಂದು ಸೆಲ್ ಶಾರ್ಟ್ ಆಗಿದೆ, ಅದಕ್ಕೆ ಯಾವ ಮದ್ದೂ ಇಲ್ಲ. ಆರು ಸೆಲ್, ಒಂದೊಂದೂ 2.1 ವೋಲ್ಟ್, ಒಂದು ಹೋದರೆ ಉಳಿದದ್ದು ಅಷ್ಟೇ.

ನೆಗೆಟಿವ್ ಬಿಚ್ಚಿಟ್ಟೇ ವಾರ ಬಿಡಿ. ವಾರದ ಮೇಲೂ 12.5 ತೋರಿಸಿದರೆ ಬ್ಯಾಟರಿ ಸರಿಯಾಗಿದೆ, ಕಳ್ಳ ಗಾಡಿಯಲ್ಲಿ ಇದ್ದಾನೆ. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಗಾಡಿ ಬಿಚ್ಚುವ ಮೊದಲು ಇಷ್ಟು ಮಾಡಿ ಬರೆಯಿರಿ.

ಬೇಸ್‌ಮೆಂಟ್ ಬಿ2

ನನ್ನದೂ ಹೀಗೇ, 2009ರ ಹ್ಯಾಚ್‌ಬ್ಯಾಕ್. ಫಾಸ್ಟ್‌ಟ್ಯಾಗ್ ಹಾಕಿಸಿದ ಮೇಲೆ ಶುರುವಾಗಿದ್ದು. ಅದು ಕರೆಂಟ್ ಎಳೆಯುತ್ತದಾ?

ವೈರಿಂಗ್ ಕೆಲಸದವ

ಇಲ್ಲ ಸಾರ್. ಫಾಸ್ಟ್‌ಟ್ಯಾಗ್ ಬರೀ ಒಂದು ಸ್ಟಿಕ್ಕರ್. ಅದರಲ್ಲಿ ಬ್ಯಾಟರಿ ಇಲ್ಲ, ಗಾಡಿಗೆ ವೈರೂ ಇಲ್ಲ. ಟೋಲ್‌ನ ರೀಡರ್ ಕಳಿಸುವ ರೇಡಿಯೋ ಅಲೆಯಿಂದಲೇ ಅದರ ಚಿಪ್ ಎಚ್ಚರವಾಗುತ್ತದೆ. ಅದರ ಪಕ್ಕದಲ್ಲಿ ಡ್ಯಾಶ್‌ಕ್ಯಾಮ್ ಇದೆಯಾ ನೋಡಿ. ಅದು ನೇರ ಬ್ಯಾಟರಿಗೆ ಹೋಗಿ ಪಾರ್ಕಿಂಗ್ ಮೋಡ್‌ನಲ್ಲಿದ್ದರೆ ರಾತ್ರಿಯೆಲ್ಲ ಗೋಡೆಯ ಸಿನಿಮಾ ತೆಗೆಯುತ್ತಿರುತ್ತದೆ.

ಬೇಸ್‌ಮೆಂಟ್ ಬಿ2

ಡ್ಯಾಶ್‌ಕ್ಯಾಮ್ ಇದೆ. 😐

ರಾಯಚೂರು ಬಿಸಿಲು

ಹೊಸ ಬ್ಯಾಟರಿ ಅಂತ ನಂಬಿ ಕೂರಬೇಡಿ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಚಾರ್ಜ್ ಇಲ್ಲದೆ ಕೂತಿರುವ ಮಾಲೂ ಹೊಸದು ಅಂತಲೇ ಬರುತ್ತದೆ. ತಯಾರಾದ ತಿಂಗಳ ಕೋಡ್ ನೋಡಿ ತಗೊಳ್ಳಬೇಕು. ಸುಮ್ನೆ ಇಟ್ಟರೂ ಬ್ಯಾಟರಿ ಒಳಗಿಂದೊಳಗೆ ಇಳಿಯುತ್ತದೆ, ತಿಂಗಳಿಗೆ ನೂರಕ್ಕೆ ಮೂರರಿಂದ ಐದರಷ್ಟು, ಬಿಸಿಲು ಜಾಸ್ತಿ ಇರುವ ಕಡೆ ಇನ್ನೂ ಬೇಗ. ಹತ್ತು ಡಿಗ್ರಿ ಏರಿದರೆ ಇಳಿಯುವ ವೇಗ ಹತ್ತಿರ ಹತ್ತಿರ ಎರಡು ಪಟ್ಟು. ನಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಬಾನೆಟ್ ಒಳಗೆ ಎಷ್ಟಿರುತ್ತದೆ ಯೋಚಿಸಿ. ನೀರು ಹಾಕುವ ಬ್ಯಾಟರಿ ಆದರೆ ಮುಚ್ಚಳ ತೆಗೆದು ನೋಡಿ, ಪ್ಲೇಟ್ ಒಣಗಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ. ನಲ್ಲಿ ನೀರು ಬೇಡ, ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಆ್ಯಸಿಡ್ ಕೂಡ ಹಾಕಬೇಡಿ, ಆವಿಯಾಗುವುದು ನೀರು ಮಾತ್ರ.

ಓಮ್ನಿ ಅಂಕಲ್

ಐದು ನಿಮಿಷ ಸ್ಟಾರ್ಟ್ ಮಾಡಿದರೆ ಸಾಕು ಅಂದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ವೈರಿಂಗ್ ಕೆಲಸದವ

ಅಂಕಲ್, ಲೆಕ್ಕ ಹಾಕೋಣ. ಸ್ಟಾರ್ಟರ್ ಸುಮಾರು 150 ಆಂಪ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ, ಅದೂ ಎರಡು ಸೆಕೆಂಡ್. ಅಂದರೆ ಒಂದು ಆಂಪಿಯರ್ ಅವರ್‌ನ ಹತ್ತನೇ ಒಂದು ಭಾಗವೂ ಇಲ್ಲ, ಅದು ಐದು ನಿಮಿಷದಲ್ಲಿ ವಾಪಸ್ ಬರುತ್ತದೆ. ಅಲ್ಲಿಯವರೆಗೆ ನೀವು ಹೇಳಿದ್ದು ಸರಿ. ಆದರೆ ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಆಲ್ಟರ್ನೇಟರ್ ನಿಧಾನಕ್ಕೆ ತಿರುಗುತ್ತದೆ. ಎಂಜಿನ್ ತನಗೆ ಬೇಕಾದ್ದನ್ನು ತಗೊಂಡ ಮೇಲೆ ಬ್ಯಾಟರಿಗೆ ಹತ್ತು ಆಂಪ್ ಸಿಕ್ಕಿತು ಅಂದರೂ ಐದು ನಿಮಿಷಕ್ಕೆ 0.8 ಎಎಚ್ ಮಾತ್ರ. ದಿನಾ ಮಾಡುವವರಿಗೆ ಹೇಗೋ ಸರಿಹೋಗುತ್ತದೆ. ವಾರಕ್ಕೊಮ್ಮೆ ವಾಚ್‌ಮನ್ ಕೈಲಿ ಐದು ನಿಮಿಷ ಮಾಡಿಸುವವರಿಗೆ ಸೋರಿದ್ದು ಜಾಸ್ತಿ, ತುಂಬಿದ್ದು ಕಡಿಮೆ. ಮೇಲಾಗಿ ಎಂಜಿನ್ ಬಿಸಿಯಾಗುವುದಿಲ್ಲ, ಸೈಲೆನ್ಸರ್ ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಅರ್ಧ ಗಂಟೆ ರಸ್ತೆಯಲ್ಲಿ ಓಡಿಸುವುದು ಬೇರೆ ಮಾತು, ಟೈರಿಗೂ ಬ್ರೇಕಿಗೂ ಒಳ್ಳೆಯದು.

ಓಮ್ನಿ ಅಂಕಲ್

ನಾನು ದಿನಾ ಮಾಡುತ್ತೇನೆ ಅಂದೆನಲ್ಲ. ಇರಲಿ, ಮುಂದೆ ಹೇಳಿ.

ಹಾಸನದ ಜೆನ್

ಹೇಳಿದ ಹಾಗೆ ಮಾಡಿದೆ. ಎಂಜಿನ್ ಓಡುವಾಗ 14.1, ಹೆಡ್‌ಲೈಟ್ ಹಾಕಿದರೆ 13.7. ಬ್ಯಾಟರಿ ಚಾರ್ಜ್ ಮಾಡಿ ನೆಗೆಟಿವ್ ಬಿಚ್ಚಿಟ್ಟು ಬಂದೆ. ವಾರದ ಮೇಲೆ 12.5. ಕಪ್ಪು ವೈರ್ ಸಿಕ್ಕಿಸಿದ ಕೂಡಲೇ ಸ್ಟಾರ್ಟ್ ಆಯಿತು, ಒಂದೇ ಸೆಲ್ಫ್‌ಗೆ. ಅಂದರೆ ಕಳ್ಳ ಗಾಡಿಯಲ್ಲೇ ಇದ್ದಾನೆ. ಹಿಡಿಯುವುದು ಹೇಗೆ?

ವೈರಿಂಗ್ ಕೆಲಸದವ

ಸರಿ, ಇಲ್ಲಿಂದ ಸ್ವಲ್ಪ ಜಾಗ್ರತೆ. ಆಂಪ್ ಅಳೆಯುವಾಗ ಮೀಟರ್ ಟರ್ಮಿನಲ್‌ನಿಂದ ಟರ್ಮಿನಲ್‌ಗೆ ಇಡುವುದಲ್ಲ, ಹಾಗೆ ಇಟ್ಟರೆ ನೇರ ಶಾರ್ಟ್. ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಅದರಿಂದ ಬಿಚ್ಚಿದ ಕಪ್ಪು ವೈರಿಗೂ ಮಧ್ಯೆ ಮೀಟರ್ ಬರಬೇಕು. ಗಾಡಿ ಎಳೆಯುವ ಕರೆಂಟ್ ಎಲ್ಲ ಮೀಟರ್ ಮೂಲಕವೇ ಹೋಗಬೇಕು, ಅಷ್ಟೇ ವಿಷಯ.

ಮೀಟರಿನ ಕೆಂಪು ಪಿನ್ ತೆಗೆದು 10 ಆಂಪ್ ಅಂತ ಬರೆದಿರುವ ತೂತಿಗೆ ಹಾಕಿ, ನಾಬ್ ಕೂಡ 10 ಆಂಪ್‌ಗೆ ತಿರುಗಿಸಿ. ಮಾಮೂಲಿ ತೂತಿನಲ್ಲೇ ಬಿಟ್ಟರೆ ಒಳಗಿನ ಸಣ್ಣ ಫ್ಯೂಸ್ ಹಾರುತ್ತದೆ, ಆಮೇಲೆ ಮೀಟರ್ ಸೊನ್ನೆ ತೋರಿಸುತ್ತದೆ, ನೀವು ಗಾಡಿ ಸರಿಯಾಗಿದೆ ಅಂದುಕೊಳ್ಳುತ್ತೀರಿ. ಮೀಟರ್ ಮಧ್ಯೆ ಇರುವಾಗ ಸೆಲ್ಫ್ ಹೊಡೆಯಬೇಡಿ, ಹೆಡ್‌ಲೈಟ್ ಹಾಕಬೇಡಿ. ಕೀ ಕೈಯಲ್ಲಿ, ಬಾಗಿಲೆಲ್ಲ ಮುಚ್ಚಿ. ಬಾಗಿಲು ತೆಗೆದೇ ಕೆಲಸ ಮಾಡಬೇಕು ಅಂದರೆ ಬಾಗಿಲ ಕಂಬದಲ್ಲಿರುವ ಗುಂಡಿ ಸ್ವಿಚ್ ಒಳಗೆ ಒತ್ತಿ ಟೇಪ್ ಹಚ್ಚಿ, ಇಲ್ಲದಿದ್ದರೆ ಒಳಗಿನ ಲೈಟಿನ ಕರೆಂಟೂ ಲೆಕ್ಕಕ್ಕೆ ಸೇರುತ್ತದೆ. ಹೊಸ ಕಾಲದ ಗಾಡಿಗಳಲ್ಲಿ ಒಳಗಿನ ಕಂಪ್ಯೂಟರ್‌ಗಳು ನಿದ್ದೆಗೆ ಹೋಗಲು ಅರ್ಧ ಗಂಟೆ ಕಾಯಬೇಕು. ಜೆನ್‌ಗೆ ಅಷ್ಟೆಲ್ಲ ಬೇಡ, ಐದು ನಿಮಿಷ ಸಾಕು.

0.02ರಿಂದ 0.05 ಆಂಪ್ ಒಳಗೆ ಬಂದರೆ ಮಾಮೂಲು. ಗಡಿಯಾರ, ಸ್ಟೀರಿಯೋ ಮೆಮೊರಿ, ರಿಮೋಟ್ ಲಾಕ್ ಇದ್ದರೆ ಅದರ ರಿಸೀವರ್, ಇವಕ್ಕೆಲ್ಲ ಅಷ್ಟು ಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಎಳೆಯುತ್ತಾ ಮೀಟರ್ ನೋಡಿ. ಯಾವ ಫ್ಯೂಸ್ ಎಳೆದಾಗ ನಂಬರ್ ದಪ್ ಅಂತ ಬೀಳುತ್ತದೋ ಆ ಲೈನಿನಲ್ಲಿದೆ ಸೋರಿಕೆ. ಎಳೆದ ಫ್ಯೂಸ್ ಮತ್ತೆ ಅದೇ ಜಾಗಕ್ಕೆ ಹೋಗಬೇಕು, ಮೊದಲೇ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ.

ಬರೀ ಓದುವವ

ವೈರಿನ ಸುತ್ತ ಕಚ್ಚಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಸುಲಭ ಅಲ್ವಾ, ಬಿಚ್ಚುವ ಕೆಲಸವೇ ಇಲ್ಲ.

ವೈರಿಂಗ್ ಕೆಲಸದವ

ಡಿಸಿ ಆಂಪ್ ಅಳೆಯುವ ಕ್ಲ್ಯಾಂಪ್ ಆಗಿರಬೇಕು. ಮನೆ ವೈರಿಂಗ್‌ನವರ ಹತ್ತಿರ ಇರುವ ಹೆಚ್ಚಿನವು ಎಸಿ ಮಾತ್ರ ಓದುತ್ತವೆ. ಡಿಸಿ ಇದ್ದರೂ ಅಗ್ಗದವು 0.05ರಂಥ ಸಣ್ಣ ನಂಬರಿಗೆ ನಂಬಿಕಸ್ಥ ಅಲ್ಲ.

ಕುಂದಾಪುರ ಕಡೆಯವ

ಅಳೆಯುವ ಮೊದಲು ಬ್ಯಾಟರಿ ತಲೆ ತೊಳೆಯಿರಿ ಮಾರಾಯ್ರೆ. ನಮ್ಮ ಕಡೆ ಉಪ್ಪು ಗಾಳಿ, ಮಳೆಗಾಲದಲ್ಲಿ ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಹೂ ಬಿಟ್ಟಿರುತ್ತದೆ. ಬ್ಯಾಟರಿಯ ಮೇಲ್ಮೈಯಲ್ಲಿ ಧೂಳು, ತೇವ, ಆ್ಯಸಿಡ್ ಸೇರಿಕೊಂಡರೆ ಅದರ ಮೇಲೇ ಒಂದು ಕಂಬದಿಂದ ಇನ್ನೊಂದಕ್ಕೆ ಕರೆಂಟ್ ಹರಿಯುತ್ತದೆ. ಮೀಟರಿನ ಕಪ್ಪು ಪಿನ್ ನೆಗೆಟಿವ್ ಮೇಲೆ ಇಟ್ಟು ಕೆಂಪು ಪಿನ್ ಬರೀ ಪ್ಲಾಸ್ಟಿಕ್ ಮೇಲೆ ಎಳೆದು ನೋಡಿ. ವೋಲ್ಟ್ ತೋರಿಸಿದರೆ ಅದೇ ಇದು. ಅಡುಗೆ ಸೋಡಾ ನೀರಲ್ಲಿ ಕದಡಿ ಹಳೇ ಬ್ರಶ್‌ನಲ್ಲಿ ಉಜ್ಜಿ, ನೊರೆ ನಿಲ್ಲುವವರೆಗೆ. ಸೆಲ್ ಮುಚ್ಚಳ ಗಟ್ಟಿ ಮುಚ್ಚಿರಲಿ, ಸೋಡಾ ಒಳಗೆ ಹೋಗಬಾರದು. ಒಣಗಿದ ಮೇಲೆ ಟರ್ಮಿನಲ್ ಬಿಗಿ ಮಾಡಿ ಮೇಲೆ ಪೆಟ್ರೋಲಿಯಂ ಜೆಲ್ಲಿ.

ಇನ್ನೊಂದು. ಕೆಲವು ಗಾಡಿಯಲ್ಲಿ ಬ್ಯಾಟರಿ ತುಂಬಿರುತ್ತದೆ, ಆದರೂ ಸೆಲ್ಫ್ ತಿರುಗುವುದಿಲ್ಲ. ಎಂಜಿನ್‌ನಿಂದ ಗಾಡಿಯ ಲೋಹದ ಬಾಡಿಗೆ ಹೋಗುವ ಅರ್ತ್ ಪಟ್ಟಿ ತುಕ್ಕು ತಿಂದಿರುತ್ತದೆ. ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಬ್ಯಾಟರಿ ನೆಗೆಟಿವ್ ಮತ್ತು ಎಂಜಿನ್ ಲೋಹದ ನಡುವೆ ವೋಲ್ಟ್ ನೋಡಬೇಕು. ಅರ್ಧ ವೋಲ್ಟ್ ದಾಟಿದರೆ ಪಟ್ಟಿ ಬದಲಾಯಿಸಿ, ಬ್ಯಾಟರಿ ಅಲ್ಲ.

ಹಾಸನದ ಜೆನ್

ತೊಳೆದು ಅಳೆದೆ. 0.38 ಆಂಪ್! ಫ್ಯೂಸ್ ಒಂದೊಂದೇ ಎಳೆದೆ. ರೂಮ್ ಲೈಟ್ ಮತ್ತು ಸ್ಟೀರಿಯೋ ಫ್ಯೂಸ್ ಎಳೆದಾಗ 0.34ಕ್ಕೆ ಇಳಿಯಿತು. ಆಮೇಲೆ ಉಳಿದದ್ದೆಲ್ಲ ಎಳೆದರೂ 0.34 ಅಲ್ಲಾಡಲಿಲ್ಲ. ಈಗ ಒಂದು ಫ್ಯೂಸೂ ಇಲ್ಲ, ಆದರೂ 0.34 ಎಳೆಯುತ್ತಿದೆ. ಇದು ಹೇಗೆ ಸಾಧ್ಯ? ಅಪ್ಪ ಬಾಗಿಲಲ್ಲಿ ನಿಂತು "ಎಲ್ಲಾ ಬಿಚ್ಚಿ ಹಾಕಿದ್ಯಲ್ಲೋ" ಅಂತಿದ್ದಾರೆ.

ಬರೀ ಓದುವವ

ದೆವ್ವ.

ವೈರಿಂಗ್ ಕೆಲಸದವ

ಒಳ್ಳೆಯ ಸುದ್ದಿ ಇದು, ಹುಡುಕುವ ಜಾಗ ಕಡಿಮೆ ಆಯಿತು. 0.34 ಅಂದರೆ ದಿನಕ್ಕೆ 8 ಎಎಚ್ ಮೇಲೆ. ನಿಮ್ಮ 35 ಎಎಚ್ ಬ್ಯಾಟರಿ ಎರಡು ದಿನ ಕಳೆದು ಸ್ವಲ್ಪ ಹೊತ್ತಿಗೆ ಅರ್ಧ, ನಾಲ್ಕೈದು ದಿನಕ್ಕೆ ಖಾಲಿ. ಶನಿವಾರಕ್ಕೆ ಟಕ್ ಅನ್ನದೆ ಇನ್ನೇನು ಅನ್ನುತ್ತದೆ.

ಫ್ಯೂಸ್ ಬಾಕ್ಸ್ ಆಚೆ ಕರೆಂಟ್ ಹೋಗುತ್ತಿದೆ ಅಂದರೆ ಅನುಮಾನ ಎರಡೇ. ಒಂದು ಆಲ್ಟರ್ನೇಟರ್. ಅದಕ್ಕೆ ಬ್ಯಾಟರಿಯಿಂದ ದಪ್ಪ ವೈರ್ ಯಾವಾಗಲೂ ಸೇರಿಕೊಂಡೇ ಇರುತ್ತದೆ. ಒಳಗೆ ಡಯೋಡ್‌ಗಳಿವೆ, ಕರೆಂಟ್ ಒಂದೇ ಕಡೆ ಬಿಡಬೇಕು. ಒಂದು ಹಾಳಾದರೆ ಗಾಡಿ ನಿಂತಾಗ ಕರೆಂಟ್ ಹಿಂದಕ್ಕೆ ಹರಿಯುತ್ತದೆ. 14.1 ವೋಲ್ಟ್ ಬರುತ್ತಿದ್ದರೂ ಡಯೋಡ್ ಸೋರಬಹುದು, ಹಾಗಾಗಿ ನಿಮ್ಮ ಅಂಗಡಿಯವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೆ ಅದನ್ನು ತಿಳಿಯಲು ಆಲ್ಟರ್ನೇಟರ್ ಕೊಳ್ಳಬೇಕಿಲ್ಲ. ನೆಗೆಟಿವ್ ಬಿಚ್ಚಿ, ಆಲ್ಟರ್ನೇಟರ್ ಹಿಂದಿನ ದಪ್ಪ ವೈರಿನ ನಟ್ ತೆಗೆದು, ವೈರಿನ ಬಾಯಿಗೆ ಟೇಪ್ ಸುತ್ತಿ, ಮತ್ತೆ ಮೀಟರ್ ಹಾಕಿ. ಇನ್ನೂ 0.34 ಇದ್ದರೆ ಅದು ನಿರ್ದೋಷಿ.

ಎರಡನೆಯದು, ಯಾರೋ ಆಮೇಲೆ ಹಾಕಿದ ಲೈನ್. ಬ್ಯಾಟರಿ ಪಾಸಿಟಿವ್ ಕ್ಲ್ಯಾಂಪಿಗೆ ಎಷ್ಟು ವೈರ್ ಸೇರಿವೆ ಎಣಿಸಿ. ಸ್ಟಾರ್ಟರಿಗೆ ಒಂದು ದಪ್ಪದ್ದು, ಫ್ಯೂಸ್ ಬಾಕ್ಸ್ ಕಡೆಗೆ ಹೋಗುವುದು, ಇಷ್ಟು ಕಂಪನಿಯದು. ಅದರ ಪಕ್ಕದಲ್ಲಿ ಬೇರೆ ಬಣ್ಣದ ವೈರ್, ನಡುವೆ ಸಣ್ಣ ಫ್ಯೂಸ್ ಹೋಲ್ಡರ್ ನೇತಾಡುತ್ತಿದ್ದರೆ ಅದನ್ನು ಹಿಡಿದುಕೊಂಡೇ ಹೋಗಿ. ಹಾರ್ನ್ ರಿಲೇ, ಫಾಗ್ ಲ್ಯಾಂಪ್, ಅಲಾರಂ, ಆಂಪ್ಲಿಫೈಯರ್, ಜಿಪಿಎಸ್ ಟ್ರ್ಯಾಕರ್, ಎಲ್ಲ ಹೀಗೇ ನೇರ ಬ್ಯಾಟರಿಗೆ ಕಟ್ಟಿರುತ್ತಾರೆ. ನಾನು ನೋಡಿದ ಹಳೇ ಗಾಡಿಗಳಲ್ಲಿ ಸೋರಿಕೆ ಇರುವುದು ಬಹುಪಾಲು ಇಂಥದ್ದರಲ್ಲೇ, ಕಂಪನಿ ವೈರಿಂಗ್‌ನಲ್ಲಿ ಅಪರೂಪ.

ಹಾಸನದ ಜೆನ್

ಸಿಕ್ಕಿತು!

ಆಲ್ಟರ್ನೇಟರ್ ವೈರ್ ಬಿಚ್ಚಿದರೂ 0.34 ಹಾಗೇ ಇತ್ತು. ಪಾಸಿಟಿವ್ ಕ್ಲ್ಯಾಂಪಿನ ಕೆಳಗೆ ಒಂದು ಕೆಂಪು ವೈರ್, ಎಂಜಿನ್ ಎಣ್ಣೆ ಮೆತ್ತಿ ಕಪ್ಪಾಗಿ ಕಂಪನಿ ವೈರಿನ ಹಾಗೇ ಕಾಣುತ್ತಿತ್ತು. ಅದು ರಬ್ಬರ್ ಬಿರಡೆಯ ಮೂಲಕ ಒಳಗೆ ನುಗ್ಗಿ, ಬಾಗಿಲ ಪಟ್ಟಿ ಕೆಳಗಿಂದ ಹಾದು, ಡ್ರೈವರ್ ಪಕ್ಕದ ಸೀಟಿನ ಕೆಳಗೆ ಹೋಗಿದೆ. ಕಾರ್ಪೆಟ್ ಎತ್ತಿದರೆ ಒಂದು ಚಪ್ಪಟೆ ಬಾಸ್ ಬಾಕ್ಸ್, ಆಂಪ್ಲಿಫೈಯರ್ ಒಳಗೇ ಇರುವಂಥದ್ದು. ಮುಟ್ಟಿದರೆ ಬೆಚ್ಚಗಿದೆ! ಗಾಡಿ ರಾತ್ರಿಯಿಂದ ನಿಂತಿದೆ, ಕೀ ಗೋಡೆಗೆ ನೇತಾಡುತ್ತಿದೆ, ಇದು ಬೆಚ್ಚಗೆ ಕೂತಿದೆ. ಹಸಿರು ಎಲ್ಇಡಿ ಬೇರೆ ಉರಿಯುತ್ತಿತ್ತು, ಕಾರ್ಪೆಟ್ ಕಡೆ ಮುಖ ಮಾಡಿರುವುದರಿಂದ ಯಾರಿಗೂ ಕಂಡಿಲ್ಲ. ನನ್ನ ತಮ್ಮ ಕಾಲೇಜಿಗೆ ಇದೇ ಗಾಡಿ ಒಯ್ಯುತ್ತಿದ್ದಾಗ ಹಾಕಿಸಿದ್ದಂತೆ. ಆಗ ದಿನಾ ಓಡುತ್ತಿತ್ತು, ಗೊತ್ತೇ ಆಗಿಲ್ಲ. ಫೋನ್ ಮಾಡಿದರೆ "ಅದು ಇನ್ನೂ ಕೆಲಸ ಮಾಡ್ತಿದ್ಯಾ" ಅಂತ ಖುಷಿ ಪಡುತ್ತಾನೆ.

ಕುಂದಾಪುರ ಕಡೆಯವ

ತಮ್ಮನಿಂದ ಎರಡು ಬ್ಯಾಟರಿ ದುಡ್ಡು ವಸೂಲಿ ಮಾಡಿ.

ವೈರಿಂಗ್ ಕೆಲಸದವ

ಅದರ ಪ್ಲಗ್‌ಗೆ ಮೂರು ವೈರ್ ಬಂದಿರುತ್ತವೆ ನೋಡಿ. ಕೆಂಪು ಬ್ಯಾಟರಿಯದು, ಕಪ್ಪು ಅರ್ತ್, ಇನ್ನೊಂದು ಸಣ್ಣದು ನೀಲಿ ಅಥವಾ ನೀಲಿ ಬಿಳಿ ಪಟ್ಟೆಯದು. ಆ ಸಣ್ಣ ವೈರಿಗೆ ಕರೆಂಟ್ ಬಂದಾಗ ಮಾತ್ರ ಆಂಪ್ಲಿಫೈಯರ್ ಎಚ್ಚರವಾಗಬೇಕು. ಅದು ಸ್ಟೀರಿಯೋದ ನೀಲಿ ಬಿಳಿ ವೈರಿಗೆ ಸೇರಬೇಕು. ಸ್ಟೀರಿಯೋ ಬಿಚ್ಚಿ ವೈರ್ ಎಳೆಯಲು ಬೇಜಾರಾಗಿ ಕೆಂಪಿಗೇ ಸುತ್ತಿ ಕಳಿಸಿರುತ್ತಾರೆ. ಹಾಡು ಬರುತ್ತದೆ, ಗಿರಾಕಿ ಖುಷಿ.

ಹಾಸನದ ಜೆನ್

ಅದೇ! ನೀಲಿಯನ್ನು ಕೆಂಪಿಗೆ ತಿರುಚಿ ಟೇಪ್ ಸುತ್ತಿದ್ದಾರೆ. ಟೇಪ್ ಕರಗಿ ಅಂಟು ಅಂಟಾಗಿದೆ. ಈಗ ಕೆಂಪು ವೈರಿನ ಫ್ಯೂಸ್ ತೆಗೆದಿದ್ದೇನೆ, ಮೀಟರ್ 0.04. ಬಾಸ್ ಯಾರಿಗೂ ಬೇಡ, ಅಪ್ಪ ಕೇಳುವುದು ಆಕಾಶವಾಣಿ ವಾರ್ತೆ.

ವೈರಿಂಗ್ ಕೆಲಸದವ

ಬೇಡ ಅಂದರೆ ಆ ವೈರನ್ನು ಬ್ಯಾಟರಿ ತುದಿಯಿಂದಲೇ ತೆಗೆದುಬಿಡಿ. ಫ್ಯೂಸ್ ತೆಗೆದರೂ ಬ್ಯಾಟರಿಯಿಂದ ಹೋಲ್ಡರ್‌ವರೆಗಿನ ತುಂಡಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ನಿಂತ ಗಾಡಿಗೆ ಇಲಿ ಬರುತ್ತದೆ, ವೈರ್ ಕಡಿಯುತ್ತದೆ, ಫ್ಯೂಸ್ ಇಲ್ಲದ ಕಡೆ ಬಾಡಿಗೆ ತಗುಲಿದರೆ ಬೆಂಕಿ. ಇದನ್ನು ಮಾತ್ರ ಆಮೇಲೆ ನೋಡೋಣ ಅಂತ ಬಿಡಬೇಡಿ.

ಬ್ಯಾಟರಿಯನ್ನು ಒಮ್ಮೆ 3ರಿಂದ 3.5 ಆಂಪ್‌ನಲ್ಲಿ ನಿಧಾನವಾಗಿ ಚಾರ್ಜ್ ಮಾಡಿ. ಸ್ಟಾರ್ಟಿಂಗ್ ಬ್ಯಾಟರಿಯ ಪ್ಲೇಟ್ ತೆಳು. ಒಮ್ಮೆಲೇ ಜೋರು ಕರೆಂಟ್ ಕೊಡುವುದಕ್ಕೆ ಮಾಡಿದ್ದು ಅದು, ತಳ ಕಾಣುವವರೆಗೆ ಖಾಲಿ ಮಾಡುವುದಕ್ಕಲ್ಲ. ಖಾಲಿಯಾಗಿ ಕೂತಷ್ಟೂ ಪ್ಲೇಟ್ ಮೇಲಿನ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ನಿಮ್ಮದು ವಾರದಲ್ಲಿ 12.5 ಹಿಡಿದುಕೊಂಡಿದೆ ಅಂದರೆ ಇನ್ನೂ ಆಯಸ್ಸು ಇದೆ. ಮೊದಲನೆಯದೂ ಇದ್ದಿರಬಹುದು, ಅಂಗಡಿಯವರು ಹಳೇ ಬ್ಯಾಟರಿ ವಾಪಸ್ ತಗೊಂಡಿರುತ್ತಾರೆ, ಹೋಯಿತು ಬಿಡಿ.

ಬೇಸ್‌ಮೆಂಟ್ ಬಿ2

ಮನೆಯಲ್ಲಿ ಚಾರ್ಜರ್ ಇಲ್ಲ. ಇನ್ವರ್ಟರ್‌ಗೆ ಕಾರ್ ಬ್ಯಾಟರಿ ಸಿಕ್ಕಿಸಿ ಚಾರ್ಜ್ ಮಾಡಬಹುದಾ?

ವೈರಿಂಗ್ ಕೆಲಸದವ

ಬೇಡ. ಮನೆ ಇನ್ವರ್ಟರ್ 150 ಎಎಚ್ ಬ್ಯಾಟರಿಗೆ ಅಂತ ಹತ್ತು ಹದಿನೈದು ಆಂಪ್ ತಳ್ಳುತ್ತದೆ. ಕಾರಿನ ಸಣ್ಣ ಬ್ಯಾಟರಿಗೆ ಎಎಚ್‌ನ ಹತ್ತನೇ ಒಂದು ಭಾಗ ಸಾಕು. ಜಾಸ್ತಿ ಕೊಟ್ಟರೆ ಕುದಿಯುತ್ತದೆ, ಹೈಡ್ರೋಜನ್ ಬಿಡುತ್ತದೆ, ಮನೆಯೊಳಗೆ ಅದು ಯಾಕೆ. ಒಂದು ಸ್ಮಾರ್ಟ್ ಚಾರ್ಜರ್ ತಗೊಳ್ಳಿ, ತುಂಬಿದ ಮೇಲೆ ತಾನಾಗಿ ಇಳಿಸಿಕೊಳ್ಳುವಂಥದ್ದು. ಬೇಸ್‌ಮೆಂಟ್‌ನಲ್ಲಿ ಪ್ಲಗ್ ಇಲ್ಲ ಅಂದರೆ ಬ್ಯಾಟರಿ ಬಿಚ್ಚಿ ಮನೆಗೆ ತನ್ನಿ, ಕಿಟಕಿ ತೆಗೆದು ಬಾಲ್ಕನಿ ಕಡೆ ಇಟ್ಟು ಚಾರ್ಜ್ ಮಾಡಿ.

ಗಲ್ಫ್‌ನಿಂದ

ನಾನು ವರ್ಷಕ್ಕೊಮ್ಮೆ ಊರಿಗೆ ಬರುವವನು, ಗಾಡಿ ಪುತ್ತೂರಿನ ಮನೆಯಲ್ಲಿ. ಹೋಗುವಾಗ ಬ್ಯಾಟರಿ ಪೂರ್ತಿ ಬಿಚ್ಚಿ ಒಳಗೆ ಇಟ್ಟು ಹೋಗುತ್ತೇನೆ. ಸಿಮೆಂಟ್ ನೆಲದ ಮೇಲೆ ಇಟ್ಟರೆ ಇಳಿಯುತ್ತದೆ ಅಂತ ಹಲಗೆ ಮೇಲೆ ಇಡುತ್ತಾರೆ ಮನೆಯವರು. ನಿಜವಾ?

ರಾಯಚೂರು ಬಿಸಿಲು

ಹಿಂದೆ ಬ್ಯಾಟರಿ ಡಬ್ಬಿ ಮರದ್ದು, ರಬ್ಬರಿನದ್ದು ಇರುತ್ತಿತ್ತು. ತೇವ ನೆಲದಲ್ಲಿ ಸೋರುತ್ತಿತ್ತು, ಆ ಕಾಲದ ಮಾತು ಹಾಗೇ ಉಳಿದಿದೆ. ಈಗಿನದು ಪ್ಲಾಸ್ಟಿಕ್, ಎಲ್ಲಿ ಇಟ್ಟರೂ ಒಂದೇ. ಆದರೆ ಹಲಗೆ ಮೇಲೇ ಇಡಿ, ಆ್ಯಸಿಡ್ ತೊಟ್ಟಿಕ್ಕಿದರೆ ನೆಲದ ಟೈಲ್ ಹಾಳಾಗುವುದಿಲ್ಲ. ವರ್ಷ ಬಿಟ್ಟರೆ ಮಾತ್ರ ಹೇಗೂ ಇಳಿಯುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ಯಾರಾದರೂ ಚಾರ್ಜರ್ ಹಾಕಬೇಕು.

ಹಾಸನದ ಜೆನ್

ಸೋರಿಕೆ 0.04ಕ್ಕೆ ಬಂದ ಮೇಲೆ ವಾರಕ್ಕೆ ತೊಂದರೆ ಇಲ್ಲ, ಈ ಶನಿವಾರ 12.4 ಇತ್ತು, ಮೊದಲ ಸೆಲ್ಫ್‌ಗೆ ಸ್ಟಾರ್ಟ್. ಆದರೆ ಕೆಲವು ಸಲ ತಿಂಗಳುಗಟ್ಟಲೆ ಹೋಗಲು ಆಗುವುದಿಲ್ಲ. ಆಗ ಏನು ಮಾಡುವುದು? ಸಣ್ಣ ಸೋಲಾರ್ ಪ್ಯಾನಲ್ ಡ್ಯಾಶ್‌ಬೋರ್ಡ್ ಮೇಲೆ ಇಡೋಣ ಅಂತ ಯೋಚನೆ.

ವೈರಿಂಗ್ ಕೆಲಸದವ

0.04 ಅಂದರೆ ದಿನಕ್ಕೆ ಹತ್ತಿರ ಹತ್ತಿರ ಒಂದು ಎಎಚ್. ಹದಿನೈದು ದಿನದ ಮೇಲೆ ಸ್ಟಾರ್ಟ್ ಆದರೂ ಆಗಬಹುದು, ತಿಂಗಳಿಗೆ ಖಂಡಿತ ಆಗುವುದಿಲ್ಲ. ಸೋಲಾರ್ ನಿಮ್ಮ ಗಾಡಿ ನೇರ ಬಿಸಿಲಲ್ಲಿ ನಿಂತಿದ್ದರೆ ಸರಿ, ಶೆಡ್ಡಿನ ಕೆಳಗೆ ಆಟಿಕೆ. ಹಾಕುವುದಾದರೆ ರಾತ್ರಿ ಕರೆಂಟ್ ಹಿಂದೆ ಹೋಗದ ಹಾಗೆ ಡಯೋಡ್ ಇರುವುದು ತಗೊಳ್ಳಿ. ಕೆಲವು ಗಾಡಿಗಳಲ್ಲಿ ಸಿಗರೇಟ್ ಲೈಟರ್ ಪಾಯಿಂಟಿಗೆ ಕೀ ಹಾಕದೆ ಕರೆಂಟ್ ಹರಿಯುವುದಿಲ್ಲ, ಅಲ್ಲಿಗೆ ಸಿಕ್ಕಿಸಿದರೆ ಬ್ಯಾಟರಿಗೆ ತಲುಪುವುದೇ ಇಲ್ಲ.

ನಿಮಗೆ ಸರಿಹೋಗುವುದು ನೆಗೆಟಿವ್ ಟರ್ಮಿನಲ್‌ಗೆ ಹಾಕುವ ಕಟ್‌ಆಫ್ ಸ್ವಿಚ್. ಹಿತ್ತಾಳೆಯದು, ತಿರುಗಿಸುವ ಗುಂಡಿ ಇರುತ್ತದೆ. ಎರಡು ಸುತ್ತು ಸಡಿಲ ಮಾಡಿದರೆ ಲೈನ್ ಕಟ್. ಅಪ್ಪನೂ ಮಾಡಬಹುದು, ಪಾನಾ ಬೇಡ. ತೀರಾ ಅಗ್ಗದ್ದು ತಗೋಬೇಡಿ, ಸ್ಟಾರ್ಟರ್ ಕರೆಂಟಿಗೆ ಬಿಸಿಯಾಗುತ್ತದೆ.

ಬರೀ ಓದುವವ

ನೆಗೆಟಿವ್ ಯಾಕೆ, ಪಾಸಿಟಿವ್ ಯಾಕಲ್ಲ?

ವೈರಿಂಗ್ ಕೆಲಸದವ

ಗಾಡಿಯ ಬಾಡಿ ಎಲ್ಲ ನೆಗೆಟಿವ್. ಪಾಸಿಟಿವ್ ಬಿಚ್ಚುವಾಗ ಪಾನಾ ಬಾಡಿಗೆ ತಗುಲಿದರೆ ದೊಡ್ಡ ಕಿಡಿ. ನೆಗೆಟಿವ್ ಮೊದಲು ಬಿಚ್ಚಿದರೆ ಆಮೇಲೆ ಎಲ್ಲಿ ತಗುಲಿದರೂ ಏನೂ ಆಗುವುದಿಲ್ಲ. ಹಾಕುವಾಗ ಅದೇ ಕಾರಣಕ್ಕೆ ನೆಗೆಟಿವ್ ಕೊನೆಗೆ. ಜಂಪ್ ಕೊಡುವಾಗಲೂ ಅಷ್ಟೇ, ಕಪ್ಪು ಕೇಬಲ್‌ನ ಕೊನೆಯ ತುದಿ ಡೌನ್ ಆದ ಬ್ಯಾಟರಿಗೆ ಬೇಡ, ಅದರಿಂದ ದೂರ ಎಂಜಿನ್ ಲೋಹಕ್ಕೆ ಹಾಕಿ. ಬ್ಯಾಟರಿ ಹತ್ತಿರ ಗ್ಯಾಸ್ ಇರಬಹುದು, ಕಿಡಿ ಅಲ್ಲಿ ಹಾರಬಾರದು.

ಓಮ್ನಿ ಅಂಕಲ್

ನಾವು ಹಳ್ಳಿ ಇಳಿಜಾರಿನಲ್ಲಿ ತಳ್ಳಿ ಸೆಕೆಂಡ್ ಗೇರಿಗೆ ಬಿಟ್ಟರೆ ಸ್ಟಾರ್ಟ್ ಆಗುತ್ತಿತ್ತು. ಕೇಬಲ್ ಗೀಬಲ್ ಏನೂ ಬೇಕಿರಲಿಲ್ಲ.

ವೈರಿಂಗ್ ಕೆಲಸದವ

ಕಾರ್ಬುರೇಟರ್ ಗಾಡಿಗೆ ಅದು ಚೆನ್ನಾಗಿ ಆಗುತ್ತದೆ ಅಂಕಲ್. ಇವರ ಜೆನ್ ಎಂಪಿಎಫ್ಐ, ಕಾರ್ಬುರೇಟರ್ ಬದಲು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವಂಥದ್ದು. ಪೆಟ್ರೋಲ್ ಪಂಪ್, ಇಂಜೆಕ್ಟರ್, ಕಂಪ್ಯೂಟರ್ ಎಲ್ಲಕ್ಕೂ ಕರೆಂಟ್ ಬೇಕು. ಬ್ಯಾಟರಿ ತೀರಾ ಖಾಲಿ ಆಗಿದ್ದರೆ ಹಾಸನದಿಂದ ಬೇಲೂರಿನವರೆಗೆ ತಳ್ಳಿದರೂ ಸ್ಟಾರ್ಟ್ ಆಗುವುದಿಲ್ಲ. ಸ್ವಲ್ಪ ಉಳಿದಿದ್ದರೆ ಆಗಬಹುದು, ಆದರೆ ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಹಾಳು ಮಾಡಬಹುದು. ಜಂಪ್ ಕೊಡುವುದೇ ಮೇಲು.

ಹಾಸನದ ಜೆನ್

ಕಟ್‌ಆಫ್ ತರಿಸಿ ಹಾಕಿದೆ. ಅಪ್ಪನಿಗೆ ತೋರಿಸಿದೆ, ಈಗ ದಿನಾ ಸಂಜೆ ಬಾನೆಟ್ ಎತ್ತಿ ಸಡಿಲವಾಗಿದೆಯಾ ಅಂತ ನೋಡುವ ಹೊಸ ಕೆಲಸ ಸಿಕ್ಕಿದೆ ಅವರಿಗೆ. ಸ್ಟೀರಿಯೋ ಗಡಿಯಾರ ಪ್ರತಿ ಸಲ ಸೊನ್ನೆಗೆ ಬರುತ್ತದೆ, ಅದು ಪರವಾಗಿಲ್ಲ. ಆದರೆ ಲೈನ್ ಸೇರಿಸಿದ ಮೇಲೆ ಮೊದಲ ಐದು ನಿಮಿಷ ಐಡಲ್ ಸ್ವಲ್ಪ ಏರಿಳಿತ ಇದೆ, ಅದು ಮಾಮೂಲಾ?

ವೈರಿಂಗ್ ಕೆಲಸದವ

ಮಾಮೂಲು. ಕಂಪ್ಯೂಟರ್ ಕಲಿತದ್ದು ಅಳಿಸಿಹೋಗಿರುತ್ತದೆ, ಸ್ವಲ್ಪ ಓಡಿಸಿದರೆ ತಾನಾಗಿ ಸರಿಯಾಗುತ್ತದೆ. ಕಟ್ ಮಾಡುವ ಮೊದಲು ಪವರ್ ವಿಂಡೋ ಇದ್ದರೆ ಏರಿಸಿಬಿಡಿ, ಆಮೇಲೆ ಏರುವುದಿಲ್ಲ. ರಿಮೋಟ್ ಲಾಕ್ ಕೆಲಸ ಮಾಡುವುದಿಲ್ಲ, ಬಾಗಿಲ ಕೀ ತೂತು ತುಕ್ಕು ಹಿಡಿದಿಲ್ಲ ಅಂತ ಈಗಲೇ ತಿರುಗಿಸಿ ನೋಡಿ. ವರ್ಷಗಟ್ಟಲೆ ರಿಮೋಟ್ ಬಳಸಿದವರ ಕೀ ಅಲ್ಲಿ ಸಿಕ್ಕಿಹಾಕಿಕೊಳ್ಳುವುದು ಹೊಸದೇನಲ್ಲ. ಗ್ರಾಫೈಟ್ ಪುಡಿ ಸ್ವಲ್ಪ ಊದಿ. ಅಡುಗೆ ಎಣ್ಣೆ ಬಿಡಬೇಡಿ, ಧೂಳು ಹಿಡಿದು ಗಟ್ಟಿಯಾಗುತ್ತದೆ.

ಬೇಸ್‌ಮೆಂಟ್ ಬಿ2

ನನ್ನದೂ ಅಳೆದೆ. ಡ್ಯಾಶ್‌ಕ್ಯಾಮ್ ಇದ್ದಾಗ 0.29, ಪ್ಲಗ್ ಕಿತ್ತರೆ 0.03. ಪಾರ್ಕಿಂಗ್ ಮೋಡ್ ಆಫ್ ಮಾಡಿ ಅದರ ವೈರನ್ನು ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ ಬದಲಾಯಿಸಿಕೊಡಿ ಅಂತ ನಾಳೆ ಒಯ್ಯುತ್ತಿದ್ದೇನೆ. ನೀಲಿ ಕೆಂಪು ಎಲ್ಲ ಈಗ ಪಕ್ಕದಲ್ಲೇ ನಿಂತು ನೋಡುತ್ತೇನೆ.

ಓಮ್ನಿ ಅಂಕಲ್

ನಮ್ಮ ಓಮ್ನಿ ಅಳೆದೆ, 0.01. ಸ್ಟೀರಿಯೋನೇ ಇಲ್ಲ ಅದರಲ್ಲಿ.